ಮರಡಿಹಟ್ಟಿಯ ಲಿಂಗಾನುಪಾತ

ಮುದ್ದಪ್ಪನ ಮನೆಯಲ್ಲಿರುವುದು ಐದು ಜನರೋ ಆರು ಜನರೋ ಎಂಬುದು ಮಧುಗಿರಿ ತಾಲ್ಲೂಕಿನ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ಬರೆದಿಡಬೇಕಾದ ಪ್ರಶ್ನೆ. ಅದನ್ನು ಬಗೆಹರಿಸಲೆಂದೇ ಸರ್ಕಾರ ಒಬ್ಬ ಮೇಷ್ಟ್ರನ್ನೂ, ಅವರ ಮೊಬೈಲಿಗೊಂದು ಆ್ಯಪನ್ನೂ ಕೊಟ್ಟು ಐ.ಡಿ.ಹಳ್ಳಿ ಹೋಬಳಿಯ ಮರಡಿಹಟ್ಟಿಗೆ ಕಳಿಸಿತ್ತು.

ಮುದ್ದಪ್ಪ "ಐದು" ಅಂದ. ಮೇಷ್ಟ್ರು ಐದು ಎಂದು ಒತ್ತಿದರು. ಜಗಲಿಯ ಮೇಲೆ ಕಡ್ಲೆಕಾಯಿ ಸುಲಿಯುತ್ತ ಕೂತಿದ್ದ ಆರನೆಯವನು, ಅಂದರೆ ನಾಲ್ಕು ವರ್ಷದ ಮೊಮ್ಮಗ, ಮೇಷ್ಟ್ರಿಗೆ ಟಾಟಾ ಮಾಡಿದ. ಪಕ್ಕದ ಮನೆಯ ಹುಡುಗನಿರಬೇಕೆಂದು ಮೇಷ್ಟ್ರು ಮುಂದಿನ ಮನೆಗೆ ನಡೆದರು.

ಸೊಸೆ ಪವಿತ್ರ ಆ ದಿನ ಕೊಡಿಗೇನಹಳ್ಳಿಯ ತವರಿನಲ್ಲಿದ್ದಳು. ಈ ಎಣಿಕೆಗಾಗಿ ವರ್ಷದಿಂದ ಕಾದವಳೇ ಅವಳು. ಹಟ್ಟಿಯ ಹದಿನೆಂಟು ಪುಟ್ಟ ಮಕ್ಕಳು ಜಲ್ಲಿ ಟಿಪ್ಪರುಗಳು ಓಡಾಡುವ ಟಾರು ರಸ್ತೆಯಲ್ಲಿ ಎರಡು ಮೈಲಿ ನಡೆದು ಪಕ್ಕದೂರಿನ ಅಂಗನವಾಡಿಗೆ ಹೋಗುತ್ತಿದ್ದವು. ನಮಗೇ ಒಂದು ಅಂಗನವಾಡಿ ಕೊಡಿ ಎಂದು ಅವಳು ಕೊಟ್ಟ ಅರ್ಜಿಗಳಿಗೆಲ್ಲ ಸಂಬಂಧಪಟ್ಟ ಕಚೇರಿಯ ಉತ್ತರ ಒಂದೇ: ಮುನ್ನೂರು ಜನಸಂಖ್ಯೆ ತೋರಿಸಿ. ಪವಿತ್ರ ಬೆರಳು ಮಡಿಚಿ ಮನೆಮನೆಯನ್ನೂ ಎಣಿಸಿದ್ದಳು. ಅರವತ್ತೆರಡು ಮನೆ, ಮುನ್ನೂರ ಹದಿನೆಂಟು ಜನ. ಇನ್ನೇನು ಬೇಕು?

ಪಂಚಾಯಿತಿ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಇದ್ದದ್ದು ಇನ್ನೂರ ಐವತ್ತಾರು.

"ಮಾವ, ನಮ್ಮನೇಲಿ ಎಷ್ಟು ಜನ ಅಂತ ಬರೆಸಿದ್ರಿ?"

"ಐದು."

"ನಾವು ಆರು ಜನ ಅಲ್ವಾ?"

"ಆರೇ. ಅದುಕ್ಕೇ ಐದು ಅಂದೆ."

ಸಂಜೆ ರೊಪ್ಪಕ್ಕೆ ಕುರಿ ತುಂಬುವಾಗ ಯಾರಾದರೂ ಎಷ್ಟು ಅಂತ ಕೇಳಿದರೆ ಹಟ್ಟಿಯವರು ಪೂರಾ ಲೆಕ್ಕ ಹೇಳುವುದಿಲ್ಲ. ಮಂದೆಯ ಒಳ್ಳೆಯ ಟಗರೊಂದನ್ನು ಬಿಟ್ಟೇ ಹೇಳುತ್ತಾರೆ. ಪವಿತ್ರಳಿಗೆ ಇದು ಗೊತ್ತಿತ್ತು. ಕುರಿಯ ಕಾನೂನು ಮನುಷ್ಯರಿಗೂ ಅನ್ವಯವಾಗುತ್ತದೆಂಬುದು ಗೊತ್ತಿರಲಿಲ್ಲ.

"ಪೂರಾ ಹೇಳ್ಬುಟ್ರೆ ಕಣ್ಣು ಬೀಳ್ತದೆ ಕಣಮ್ಮ," ಎಂದ ಮುದ್ದಪ್ಪ.

"ಯಾರನ್ನ ಬಿಟ್ರಿ?"

"ಇನ್ಯಾರ್ನ, ಕೂಸನ್ನ," ಎಂದಳು ಅತ್ತೆ ನಾಗಕ್ಕ ಒಳಗಿನಿಂದ. "ನಿನ್ನ ಬುಡಕ್ಕಾಯ್ತದಾ? ನಿಂಗ್ಯಾರು ಕಣ್ಣಾಕ್ತಾರೆ?"

ಕೂಸಿನ ಅಕ್ಕ, ಆರು ವರ್ಷದ ಹುಡುಗಿ, ಲೆಕ್ಕದಲ್ಲಿ ಭದ್ರವಾಗಿದ್ದಳು. ಪವಿತ್ರ ಮನೆಮನೆಗೆ ಹೋಗಿ ಕೇಳಿದಳು. ಅರವತ್ತೆರಡು ಮನೆಯಲ್ಲೂ ಒಬ್ಬೊಬ್ಬರನ್ನು ಬಿಟ್ಟಿದ್ದರು, ಬಿಟ್ಟದ್ದೆಲ್ಲ ಗಂಡೇ. ಹೆಣ್ಣೊಂದನ್ನು ಮುಚ್ಚಿಡುವಷ್ಟು ದೃಷ್ಟಿಭಯ ಯಾವ ಮನೆಗೂ ಇರಲಿಲ್ಲ.

ಅರವತ್ತೆರಡು ಆಧಾರ್ ಜೆರಾಕ್ಸ್ ಕಟ್ಟಿಕೊಂಡು, ಮಾವನಿಗೆ ಬಿಳಿ ಪಂಚೆ ಉಡಿಸಿಕೊಂಡು ಪವಿತ್ರ ಮಧುಗಿರಿ ಬಸ್ಸು ಹತ್ತಿದಳು. ಸಂಬಂಧಪಟ್ಟ ಕಚೇರಿಯಲ್ಲಿ ಅಂಕಿಅಂಶ ನೋಡಿಕೊಳ್ಳುವ ಮಹಾಲಿಂಗಯ್ಯನವರು ಊರಿನ ಹೆಸರು ಕೇಳಿದ್ದೇ ಎದ್ದು ನಿಂತರು.

"ಮರಡಿಹಟ್ಟಿಯೋರಾ! ಕೂತ್ಕೊಳ್ಳಿ, ಕೂತ್ಕೊಳ್ಳಿ. ಸಾವಿರ ಗಂಡಸರಿಗೆ ಸಾವಿರದ ಆರುನೂರ ಹನ್ನೆರಡು ಹೆಂಗಸರು! ಶಿರಾ, ಕೊರಟಗೆರೆ, ಪಾವಗಡ ಎಲ್ಲಾ ಜಾಲಾಡಿದ್ರೂ ಇಂಥ ಊರಿಲ್ಲ ಕಣಮ್ಮ."

"ನಮ್ಮೂರಲ್ಲಿ ಇರೋದೇ ನೂರೈವತ್ತೆಂಟು ಹೆಂಗಸರು ಸಾರ್."

"ಇದು ಅನುಪಾತ. ಅನುಪಾತಕ್ಕೆ ಅಷ್ಟು ಜನ ಇರಲೇಬೇಕು ಅಂತೇನಿಲ್ಲ."

ಪವಿತ್ರ ಜೆರಾಕ್ಸಿನ ಕಟ್ಟು ಮುಂದಿಟ್ಟು, ಬಿಟ್ಟುಹೋದ ಅರವತ್ತೆರಡು ಗಂಡಸರ ಸಂಗತಿ ಹೇಳಿದಳು. ಸಾಹೇಬರು ಕ್ಯಾಲ್ಕುಲೇಟರ್ ಒತ್ತಿ ನೋಡಿ, ಮೇಜಿನ ಮೇಲೆ ಚೇಳು ಕಂಡವರಂತೆ ಕೈ ಹಿಂದೆಳೆದರು.

"ಒಂಬೈನೂರ ಎಂಬತ್ತೇಳು! ಇವರನ್ನ ಸೇರಿಸಿದ್ರೆ ನೀವೂ ಎಲ್ಲರ ಥರಾನೇ ಆಗ್ಬಿಡ್ತೀರಲ್ಲಮ್ಮ. ಹೆಣ್ಣುಮಕ್ಕಳನ್ನ ಇಷ್ಟು ಗೌರವದಿಂದ ಕಾಣೋ ಹಟ್ಟಿ ಅಂತ ವರದಿ ಆಗ್ಲೇ ತುಮಕೂರಿಗೆ ಹೋಗಿದೆ. ಪ್ರಶಸ್ತಿ ಬರೋದಿದೆ."

"ನಮಗೆ ಪ್ರಶಸ್ತಿ ಬೇಡ ಸಾರ್. ಮಕ್ಕಳು ಟಿಪ್ಪರ್ ಕೆಳಗೆ ಸಿಕ್ಕದೆ ಇದ್ರೆ ಸಾಕು."

ಮಹಾಲಿಂಗಯ್ಯನವರು ಕೆಟ್ಟವರಲ್ಲ. ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ಕಚ್ಚಿದರು. "ಆಯ್ತು. ಮನೆ ಯಜಮಾನರ ಬಾಯಿಂದ ಬರಲಿ. ಒಂದು ಮನೆ ತಪ್ಪು ಅಂತಾದ್ರೆ ಸಾಕು, ಹಟ್ಟೀನೇ ಮತ್ತೆ ಎಣಿಸ್ತೀನಿ." ಅವರು ಮುದ್ದಪ್ಪನ ಕಡೆ ತಿರುಗಿದರು. "ಯಜಮಾನ್ರೇ, ನಿಮ್ಮನೇಲಿ ಎಷ್ಟು ಜನ?"

ಪವಿತ್ರ ಮಾವನ ಮುಖವನ್ನೇ ನೋಡಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದಳು, ಆತನೂ "ಆರು, ಆರು" ಎಂದು ಗೋಣು ಹಾಕಿದ್ದ. ಆದರೆ ಬಸ್ಸಿನಲ್ಲಿ ಯಾರೂ ಅವನನ್ನು ನೋಡುತ್ತಿರಲಿಲ್ಲ. ಇಲ್ಲಿ ಗುಮಾಸ್ತರು, ಅರ್ಜಿ ಹಿಡಿದು ಕಾದವರು, ಟೀ ತಂದಾಕೆ, ಎಲ್ಲರೂ ಕೆಲಸ ಬಿಟ್ಟು ಅವನತ್ತಲೇ ಕಣ್ಣು ನೆಟ್ಟಿದ್ದರು. ಮುದ್ದಪ್ಪನ ಹಣೆಯ ಮೇಲೆ ಬೆವರು ಮೂಡಿತು. ಟವಲಿನಿಂದ ಒರೆಸಿಕೊಂಡ.

"ಮಾವ, ಹೇಳಿ."

"ಐದು," ಎಂದ ಮುದ್ದಪ್ಪ.

ಮಹಾಲಿಂಗಯ್ಯನವರು ನಿಟ್ಟುಸಿರುಬಿಟ್ಟು ಫೈಲು ಮುಚ್ಚಿದರು.

ಹೊರಗೆ ಬಂದಮೇಲೆ ಪವಿತ್ರ ಜೆರಾಕ್ಸಿನ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಸರಸರ ನಡೆದಳು. ಬಸ್ಸಿಗೆ ಕಾಯುವಾಗ ಮುದ್ದಪ್ಪನೇ, "ಅಷ್ಟು ಜನದ ಮುಂದೆ ಹೆಂಗೆ ಹೇಳ್ಲಿ ಮಗ," ಅಂದ.

ಮುಂದಿನ ತಿಂಗಳು ಮರಡಿಹಟ್ಟಿಗೆ ಪ್ರಶಸ್ತಿ ಬಂತು. ವೇದಿಕೆಯ ಮೇಲೆ ಶಾಲನ್ನು ಮುದ್ದಪ್ಪನಿಗೆ ಹೊದಿಸಿದರು. ಜನಸಂಖ್ಯೆ ಸಾಲದೆಂಬ ಕಾರಣಕ್ಕೆ ಅಂಗನವಾಡಿ ಮಂಜೂರಾಗಲಿಲ್ಲ.