ಕೇಶವಯ್ಯನ ಗೇಣು

ನಾರಪ್ಪ ಸತ್ತ ಭಾವ ಕೇಶವಯ್ಯನ ಕೈಯ ಎರಡು ಹೆಬ್ಬೆರಳುಗಳನ್ನು ಜೋಡಿಸಿ ನೂಲು ಸುತ್ತುತ್ತಿದ್ದಾಗ ಶಿರೀಷಾ ಅಂಗಳಕ್ಕೆ ಬಂದಳು. ಕಲ್ಯಾಣದುರ್ಗದಿಂದ ಬೆಳಗಿನ ಬಸ್ಸಿನಲ್ಲಿ ಉದ್ದಕ್ಕೂ ನಿಂತುಕೊಂಡೇ ಬಂದಿದ್ದಳು. ಹಿಂದೂಪುರದ ಆ ನೇಕಾರರ ಓಣಿಯಲ್ಲಿ ಅವತ್ತು ಒಂದು ಮಗ್ಗವೂ ಸದ್ದು ಮಾಡುತ್ತಿರಲಿಲ್ಲ. ಬಂದವರೆಲ್ಲ ಹೂವಿನ ಹಾರ ತಂದಿದ್ದರು. ಇವಳ ಚೀಲದಲ್ಲಿ ಹಾರದ ಜೊತೆಗೆ ಒಂದು ಉಕ್ಕಿನ ಸ್ಕೇಲೂ ಇತ್ತು.

ಹಾರ ಹಾಕಿ ಕಾಲು ಮುಟ್ಟಿದಳು. ಆಮೇಲೂ ಕದಲಲಿಲ್ಲ.

"ಏನಮ್ಮ?" ಅಂದ ನಾರಪ್ಪ.

"ನೂಲು ಒಂದು ನಿಮಿಷ ಬಿಚ್ತೀರಾ? ತಾತನ ಕೈ ಅಳೀಬೇಕು."

ನಾರಪ್ಪ ಅವಳನ್ನೂ ಸ್ಕೇಲನ್ನೂ ನೋಡಿದ. "ಯಾಕೆ, ನಮ್ ಭಾವನಿಗೆ ಅಂಗಿ ಹೊಲಿಸ್ತೀಯಾ? ಹನ್ನೆರಡಕ್ಕೆ ಎತ್ತಬೇಕು ಕಣಮ್ಮ. ಆಚೆಗೋಗು."

"ಇದೇಂ ಪನಮ್ಮಾ, ಈ ಟೈಮಲ್ಲಿ ಇಂಥಾ ಕೆಲ್ಸ," ಎಂದು ಪಕ್ಕದ ಮನೆಯ ಭ್ರಮರಾಂಬ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಶಿರೀಷಾಳ ಮುಖಕ್ಕೆ ರಕ್ತ ನುಗ್ಗಿತು. ಅವರು ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಕೈ ಮಣ್ಣಿಗೆ ಹೋದರೆ ಕೇಶವಯ್ಯನ ಇಪ್ಪತ್ತೆಂಟು ವರ್ಷದ ಕೆಲಸವೂ ಅದರ ಜೊತೆಗೇ ಹೋಗುತ್ತಿತ್ತು, ಅದು ಅಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

*

ಇಪ್ಪತ್ತೆಂಟು ವರ್ಷದ ಹಿಂದೆ, ಮಗ್ಗಕ್ಕೆ ಕೆಲಸವಿಲ್ಲದ ಒಂದು ಬೇಸಿಗೆಯಲ್ಲಿ, ಕೇಶವಯ್ಯ ವಿಜ್ಞಾನಿಗಳ ಚೀಲ ಹೊರಲು ಕಲ್ಯಾಣದುರ್ಗದ ಕಡೆಗೆ ಹೋಗಿದ್ದ. ಅಲ್ಲಿನ ಹಳ್ಳಗಳ ದಂಡೆಯಲ್ಲಿ, ಕೆಂಪು ಮಣ್ಣಿನ ನಡುವೆ ಬಿಳಿ ಬೂದಿಯ ಒಂದು ಪಟ್ಟಿ ಇತ್ತು. ಸಾವಿರಾರು ವರ್ಷಗಳ ಹಿಂದೆ ಸಮುದ್ರದಾಚೆ ಎಲ್ಲೋ ಬೆಂಕಿಯ ಬೆಟ್ಟ ಸಿಡಿದು, ಗಾಳಿಯಲ್ಲಿ ಬಂದು ಬಿದ್ದ ಬೂದಿ ಅದು ಅಂದರು. ಕೇಶವಯ್ಯ ಬೆರಳಲ್ಲಿ ಉಜ್ಜಿ ನೋಡಿದ. ಸೀರೆಗೆ ಹಾಕುವ ಗಂಜಿಪುಡಿಗಿಂತ ನಯವಾಗಿತ್ತು. ಅವತ್ತೇ ಅದರ ಹುಚ್ಚು ಹತ್ತಿತು.

ಆಮೇಲೆ ವರ್ಷಕ್ಕೊಂದು ತಂಡ ಬಂತು. ಒಬ್ಬರು ಇಂಚಿನಲ್ಲಿ ಅಳೆದರು, ಇನ್ನೊಬ್ಬರು ಸೆಂಟಿಮೀಟರಿನಲ್ಲಿ. ಒಬ್ಬರು ಬಿದ್ದಲ್ಲೇ ನಿಂತ ಬೂದಿಯನ್ನು ಮಾತ್ರ ಲೆಕ್ಕಕ್ಕೆ ತಗೊಂಡರು, ಇನ್ನೊಬ್ಬರು ಮಳೆ ಕೊಚ್ಚಿ ತಂದದ್ದನ್ನೂ ಸೇರಿಸಿದರು. ಒಂದೇ ಹಳ್ಳದ ಒಂದೇ ಪಟ್ಟಿ ಒಬ್ಬರ ಕಾಗದದಲ್ಲಿ ಎಂಟಾಯಿತು, ಇನ್ನೊಬ್ಬರದರಲ್ಲಿ ನಲವತ್ತೈದಾಯಿತು. ದೊಡ್ಡವರು ತಮ್ಮತಮ್ಮಲ್ಲೇ ಜಗಳವಾಡಿಕೊಂಡು ಜೀಪು ಹತ್ತಿದರು.

ಚೀಲ ಹೊರುವವನನ್ನು ಯಾರೂ ಕೇಳಲಿಲ್ಲ. ಅವನು ತನ್ನ ಪಾಡಿಗೆ ಒಂದು ನೋಟುಪುಸ್ತಕ ಕೊಂಡ. ಊರು, ಹಳ್ಳ, ಮೇಲಿನಿಂದ ಎಷ್ಟು ಆಳ, ಬಿದ್ದ ಬೂದಿ ಎಷ್ಟು, ಕೊಚ್ಚಿ ಬಂದದ್ದು ಎಷ್ಟು, ಬಣ್ಣ: ಮೂವತ್ತೆಂಟು ಜಾಗ, ಪ್ರತಿ ಜಾಗಕ್ಕೂ ಅದೇ ಸಾಲು. ಮೂರು ಸಲ ಅಳೆಯದೆ ಒಂದಂಕಿ ಬರೆದವನಲ್ಲ. ಅಳೆದದ್ದು ಮಾತ್ರ ನೇಕಾರರ ರೂಢಿಯಂತೆ ಕೈಯಲ್ಲಿ, ಗೇಣು ಮತ್ತು ಬೆರಳಿನಲ್ಲಿ.

"ಅವರವರ ಟೇಪು ಅವರವರ ಜೊತೇಲೇ ಹೊಂಟೋಯ್ತದೆ ಕಣಮ್ಮ," ಎಂದು ಶಿರೀಷಾಳಿಗೆ ಹೇಳಿದ್ದ. "ನನ್ ಕೈ ಎಲ್ಲಿಗೋಯ್ತದೆ?"

*

ಆ ನೋಟುಪುಸ್ತಕವನ್ನು ಅವಳು ಮೊದಲು ನೋಡಿದ್ದು ಮೂರು ತಿಂಗಳ ಹಿಂದೆ. ಬೂದಿ ಅಧ್ಯಯನ ಮಾಡುವ ಎಲ್ಲ ದೇಶದವರೂ ಒಂದೇ ರೀತಿ ಅಳೆದು, ಒಂದೇ ಫಾರಂ ತುಂಬಿ, ಒಂದೇ ಕಡೆ ಎಲ್ಲರಿಗೂ ಸಿಗುವಂತೆ ಇಡಬೇಕೆಂದು ಹೊರಟ ಗುಂಪಿನಲ್ಲಿ ಅವಳಿದ್ದಳು. ಪುಟ ತಿರುಗಿಸುತ್ತಾ ಅವಳಿಗೆ ಮೈ ಜುಮ್ಮೆಂದಿತು. ಅವರು ಎರಡು ವರ್ಷ ಮೀಟಿಂಗು ಮಾಡಿ ಒಪ್ಪಿಕೊಂಡ ಕಾಲಮುಗಳೇ ಅಲ್ಲಿದ್ದವು. ಆದರೂ ಬಾಯಿಂದ ಬಂದದ್ದು ಬೇರೆ ಮಾತು.

"ತಾತ, ಗೇಣು ಫಾರಂನಲ್ಲಿ ತಗೊಳ್ಳಲ್ಲ. ಆ ಜಾಗಗಳನ್ನ ಮತ್ತೆ ಅಳೆದುಬಿಡೋಣ."

"ಎಲ್ಲವಮ್ಮ ಜಾಗ?" ಅಂದ ಕೇಶವಯ್ಯ. "ಅರ್ಧ ದಂಡೆ ಮಳೆಗೆ ಕುಸಿದೋದ್ವು. ಇನ್ನರ್ಧದ ಮೇಲೆ ಕರೆಂಟ್ ತೆಗ್ಯೋ ಗಾಳಿ ಫ್ಯಾನಿಗೆ ರೋಡ್ ಹಾಕ್ಬುಟ್ರು. ಈಗ ಅವು ಇರೋದು ಇದ್ರೊಳಗೇ." ಪುಸ್ತಕದ ಮೇಲೆ ಕೈಯಿಟ್ಟ. ಮುಖ ಸಪ್ಪಗಾಗಿತ್ತು. ಆಮೇಲೆ ಆ ಕೈಯನ್ನೇ ಅವಳ ಮುಂದೆ ಚಾಚಿದ. "ಅಂಗಾದ್ರೆ ಇದನ್ನೇ ಅಳ್ಕೊಂಬುಡು. ನನ್ ಗೇಣು ನಿಮ್ ಲೆಕ್ಕದಾಗೆ ಎಷ್ಟಾಯ್ತದೋ ಬರ್ಕೋ."

ಅವತ್ತು ಅವಳ ಹತ್ತಿರ ಸ್ಕೇಲು ಇರಲಿಲ್ಲ. ಮುಂದಿನ ವಾರ ಬರುತ್ತೇನೆ ಅಂದಿದ್ದಳು. ಆ ಮುಂದಿನ ವಾರ ಹನ್ನೆರಡು ಸಲ ಮುಂದೆ ಹೋಯಿತು.

*

"ಯಾರದು, ಶಿರೀಷಾನಾ?" ರಾಮಕ್ಕ ಗಂಡನ ತಲೆಯ ಬಳಿಯಿಂದ ಕೇಳಿದಳು. "ನಿನ್ನ ದಾರಿ ಕಾಯ್ತಿದ್ದ ಕಣಮ್ಮ ಆಯಪ್ಪ. ಕೈ ಅಳೀತಾಳೆ ಅಂತ ಉಗುರು ಬೇರೆ ಕತ್ತರಿಸ್ಕೊಂಡಿದ್ದ."

ಶಿರೀಷಾ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಳು. ನಾರಪ್ಪ ಅಕ್ಕನ ಮುಖ ನೋಡಿದ. ಅವಳು ತಲೆಯಾಡಿಸಿದ ಮೇಲೆ ತಾನು ಕಟ್ಟಿದ ಗಂಟನ್ನು ತಾನೇ ಬಿಚ್ಚಿದ.

ನಾಲ್ಕು ಬೆರಳಿನ ಅಗಲ ಸಿಕ್ಕಿತು. ಆದರೆ ಗೇಣು ಸಿಗಲಿಲ್ಲ. ನಿನ್ನೆ ಸಂಜೆಯೇ ಹೋದ ಜೀವ, ಕೈ ಅರೆಮುಷ್ಟಿಯಲ್ಲೇ ಬಿಗಿದಿತ್ತು. ಶಿರೀಷಾ ಕಿರುಬೆರಳನ್ನು ಮೆಲ್ಲಗೆ ಎಳೆದಳು. ಅದು ಕದಲಲಿಲ್ಲ.

"ಬೇಡ ಬಿಡು ತಾಯಿ. ಮುರಿದೋದಾತು," ಅಂದ ನಾರಪ್ಪ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಸ್ಕೇಲನ್ನು ಚೀಲಕ್ಕೆ ಹಾಕಿಕೊಂಡಳು. ಹೊರಗೆ ತಮಟೆಯವರು ತಮಟೆ ಕಾಯಿಸುತ್ತಿದ್ದರು.

"ತಡಿ," ಅಂದಳು ರಾಮಕ್ಕ. "ಮದ್ವೆಯಾದ ಹೊಸದ್ರಾಗೆ ಒಂದ್ಸಲ ಮಗ್ಗದ ಸೀರೆಗೆ ಸೆರಗಿನ ಗುರುತು ನನ್ ಗೇಣಲ್ಲಿ ನಾನಾಕಿದ್ದೆ. ಗಿಡ್ಡ ಬಂದ್ಬುಡ್ತು. ಬೈತಾನೆ ಅಂದ್ಕೊಂಡ್ರೆ, ನನ್ ಕೈ ಪಕ್ಕ ತನ್ ಕೈ ಇಟ್ಟು ನೋಡ್ದ. ನಿನ್ನ ಗೇಣು, ಅದರ ಮೇಲೆ ನಿನ್ನವೇ ಎರಡು ಬೆರಳು, ಅಷ್ಟು ನನ್ ಗೇಣು ಅಂದ. ಅವತ್ತಿಂದ ಅಂಗೇ ಅಳ್ದಿದ್ದೀನಿ. ಮೊನ್ನೆ ಮಗ್ಗದಿಂದ ಇಳಿಸಿದ ಸೀರೆಗೂ ಅದೇ. ಕೂದಲಷ್ಟು ಹೆಚ್ಚುಕಮ್ಮಿ ಆಗಿಲ್ಲ."

ಅವಳು ಎದ್ದು ಬಂದು, ಗಂಡನಿಗೆ ಸ್ನಾನ ಮಾಡಿಸಿದ ನೀರಿನಿಂದ ಒದ್ದೆಯಾಗಿದ್ದ ನೆಲದ ಮೇಲೆ ಬಲಗೈಯನ್ನು ಅಗಲಿಸಿ ಒತ್ತಿದಳು. ಕಿರುಬೆರಳ ತುದಿಗೆ ಎಡಗೈಯ ಎರಡು ಬೆರಳು ಜೋಡಿಸಿದಳು. ಅಂಗಳದಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಶಿರೀಷಾ ಮೊಣಕಾಲೂರಿ ಸ್ಕೇಲಿಟ್ಟಳು.

"ಇಪ್ಪತ್ತೆರಡು ಸೆಂಟಿಮೀಟರು, ನಾಲ್ಕು ಮಿಲಿಮೀಟರು," ಎಂದು ಬರೆದುಕೊಂಡಳು. "ಆಯ್ತು ಅಜ್ಜಿ, ಏಳಿ."

ರಾಮಕ್ಕ ಕೈ ಎತ್ತಲಿಲ್ಲ.

"ಇನ್ನೆರಡು ಸಲ ನೋಡು," ಅಂದಳು. "ಒಂದೇ ಸಲಕ್ಕೆ ಬರ್ದ್ರೆ ಆಯಪ್ಪ ಒಪ್ತಿರ್ಲಿಲ್ಲ."

ಶಿರೀಷಾ ಇನ್ನೆರಡು ಸಲ ಅಳೆದಳು. ನಾರಪ್ಪ ಮತ್ತೆ ನೂಲು ಸುತ್ತಿದ. ಹನ್ನೆರಡು ದಾಟಿ ಹತ್ತು ನಿಮಿಷವಾಗಿತ್ತು, ಯಾರೂ ಅವಸರ ಮಾಡಲಿಲ್ಲ.

ಚಟ್ಟ ಎತ್ತುವಾಗ ಮುಂದಿನ ಹೆಗಲು ಕೊಟ್ಟ ನಾರಪ್ಪ ಒಂದು ಹೆಜ್ಜೆ ಇಟ್ಟು ನಿಂತ. ಎದುರಿಗೆ ಒದ್ದೆ ಮಣ್ಣಿನಲ್ಲಿ ಅಗಲಿಸಿದ ಅಂಗೈಯ ಗುರುತು, ಅದರ ಪಕ್ಕದಲ್ಲಿ ಎರಡು ಬೆರಳು. "ಪಕ್ಕಕ್ಕೆ ಬನ್ರಪ್ಪ," ಅಂದ. ನಾಲ್ವರೂ ಕೇಶವಯ್ಯನನ್ನು ಹೊತ್ತು, ಅದನ್ನು ತುಳಿಯದೆ, ಗೋಡೆಯ ಅಂಚಿನಲ್ಲೇ ಬಳಸಿಕೊಂಡು ಬಾಗಿಲು ದಾಟಿದರು.