ಉಲ್ಟಾ ಒತ್ತಿದ ಗುಂಡಿ

ಮನೆಯಲ್ಲಿ ಅಣ್ಣ ಅವಳನ್ನು ಕರೆಯುತ್ತಿದ್ದುದೇ ಅವಸರದಮ್ಮ ಎಂದು. ಆ ಅವಸರ ಸಮುದ್ರ ದಾಟಿ ಈ ದೇಶಕ್ಕೂ ಅವಳ ಬೆನ್ನಿಗೇ ಬಂದಿತ್ತು. ಸಿನಿಮಾ ಕಲಿಯಲೆಂದು ಒಂದು ವರ್ಷದ ಮಟ್ಟಿಗೆ ವಿನಿಮಯ ವಿದ್ಯಾರ್ಥಿನಿಯಾಗಿ ಬಂದವಳು. ಕೊನೆಯ ಪ್ರದರ್ಶನದಲ್ಲಿ ಅವಳದೊಂದು ಕಿರುಚಿತ್ರ ಇರದಿದ್ದರೆ ಇಡೀ ವರ್ಷ ನೀರಲ್ಲಿ ಹೋಮ.

ಮುನಿಸಿಕೊಂಡ ತಾಯಿಮಗಳ ಕಥೆ ಬರೆದಳು. ಬಾಡಿಗೆ ಮನೆಯ ಒಡತಿ ಆಂಟಿಯನ್ನೂ, ರಜೆಗೆ ಬಂದಿದ್ದ ಅವರ ಮಗಳನ್ನೂ ಕಾಡಿಬೇಡಿ ಒಪ್ಪಿಸಿದಳು. ಕ್ಯಾಮೆರಾದ ಕೆಂಪು ದೀಪ ಕಂಡರೆ ಸಾಕು, ಆಂಟಿ ಮರದ ಬೊಂಬೆ. ಇವಳು ದೀಪದ ಮೇಲೆ ಕರಿ ಟೇಪು ಅಂಟಿಸಿದಳು. ಎಡವಟ್ಟಾದದ್ದು ಅಲ್ಲೇ. ಕ್ಯಾಮೆರಾ ಎತ್ತಿಡುವ ಗಡಿಬಿಡಿಯಲ್ಲಿ ರೆಕಾರ್ಡಿಂಗ್ ಗುಂಡಿ ಒಮ್ಮೆ ಒತ್ತಿಹೋಗಿತ್ತು; ದೀಪ ಮುಚ್ಚಿದ್ದರಿಂದ ಗೊತ್ತಾಗಲಿಲ್ಲ. ಆಮೇಲೆ "ಆಕ್ಷನ್" ಎಂದು ಒತ್ತಿದಾಗೆಲ್ಲ ಅದು ನಿಂತಿತು, "ಕಟ್" ಎಂದು ಒತ್ತಿದಾಗೆಲ್ಲ ಓಡಿತು.

ಇದು ಗೊತ್ತಾದದ್ದು ಎಡಿಟಿಂಗ್ ಕೋಣೆಯಲ್ಲಿ. ಬರೆದ ಮಾತು ಒಂದೂ ಇಲ್ಲ. ಮಗಳು ಆಗಲೇ ಊರು ಬಿಟ್ಟಾಗಿತ್ತು. ತನಗೆ ತಾನೇ ಬಾಯಿಗೆ ಬಂದಂತೆ ಬೈದುಕೊಂಡು, ಅತ್ತು, ಮೂಗೊರೆಸಿಕೊಂಡು, ಇರುವುದನ್ನಾದರೂ ನೋಡೋಣವೆಂದು ಕೂತಳು.

ಇದ್ದದ್ದು ಬಿಡುವಿನ ಹೊತ್ತು. ಆಂಟಿ ಮಗಳ ಕಾಲರ್ ಸರಿಮಾಡಲು ಹೋಗುತ್ತಾರೆ. "ಬಿಡಮ್ಮ, ನಾನೇನು ಮಗುನಾ?" ಎಂದು ಮಗಳು ಸಿಡುಕುತ್ತಾಳೆ. ಆಂಟಿ ಕೈ ಹಿಂದಕ್ಕೆಳೆದುಕೊಂಡು ಮೇಜಿನ ಮೇಲೆ ಇಲ್ಲದ ಧೂಳು ಒರೆಸುತ್ತಾರೆ. ತಾನು ಬರೆದ ಜಗಳ ಇದರ ಮುಂದೆ ಸಪ್ಪೆಯೋ ಸಪ್ಪೆ! ಆಂಟಿಗೂ, ಫೋನಿನಲ್ಲಿ ಮಗಳಿಗೂ ನಿಜ ಹೇಳಿ, ಇದನ್ನೇ ತೋರಿಸಲೇ ಎಂದು ಕೇಳಿದಳು. ಮಗಳು ಹೂಂ ಎಂದಳು.

"ತೋರ್ಸು, ಮರ್ಯಾದೆ ತೆಗೀಬೇಡ ಅಷ್ಟೆ," ಎಂದರು ಆಂಟಿ.

ಕತ್ತರಿಸಿದಳು, ಜೋಡಿಸಿದಳು, ಮತ್ತೆ ಕತ್ತರಿಸಿದಳು. ಹುಟ್ಟಿದಾಗಿನಿಂದ ಅವಳು ಅವಸರಪಡದೆ ಮಾಡಿದ ಮೊದಲ ಕೆಲಸ ಅದು.

ಪ್ರದರ್ಶನದ ದಿನ ಸಭೆ ಬಿದ್ದು ಬಿದ್ದು ನಕ್ಕಿತು. ಕಾಲರ್ ದೃಶ್ಯ ಬಂದಾಗ ನಕ್ಕವರೇ ಕರವಸ್ತ್ರ ಹುಡುಕಿದರು. ದೀಪ ಹತ್ತಿದ್ದೇ ತಡ, ಚಪ್ಪಾಳೆಯೋ ಚಪ್ಪಾಳೆ. ಯಾರನ್ನೂ ಸುಲಭಕ್ಕೆ ಹೊಗಳದ ಮೇಷ್ಟ್ರು ಎದ್ದುನಿಂತರು.

"ಮೊದಲನೇ ಬಹುಮಾನ ಇದಕ್ಕೇ, ಚರ್ಚೆನೇ ಬೇಡ. ಇಷ್ಟು ಸಹಜವಾಗಿ ಹೇಗಮ್ಮ ನಟನೆ ಮಾಡಿಸ್ದೆ?"

"ಗುಂಡಿ ಉಲ್ಟಾ ಒತ್ತಿ, ಸಾರ್."

"ನಾನು ಬಾಯಿಪಾಠ ಮಾಡಿದ್ದೆಲ್ಲ ದಂಡ," ಎಂದು ಆಂಟಿ ಗೊಣಗುತ್ತಿದ್ದರು. ಪ್ರದರ್ಶನಕ್ಕೆಂದೇ ಬಂದಿದ್ದ ಮಗಳು ಕಣ್ಣೊರೆಸಿಕೊಂಡು ಅವರ ಮುಂದೆ ಕತ್ತು ಬಗ್ಗಿಸಿದಳು. "ಅಮ್ಮ, ಕಾಲರ್ ಸೊಟ್ಟಗಿದ್ಯಾ ನೋಡು." ನೆಟ್ಟಗೇ ಇದ್ದ ಕಾಲರನ್ನು ಆಂಟಿ ಸರಿಮಾಡಿದ್ದೇ ಮಾಡಿದ್ದು.

ಅವಸರದಮ್ಮ ಹೊರಗೋಡಿ ಅಣ್ಣನಿಗೆ ಫೋನ್ ಮಾಡಿದಳು.

"ಗೆದ್ದೆ ಕಣೋ ಅಣ್ಣ!"

"ನಿಜವಾಗ್ಲೂ? ಏನೂ ಎಡವಟ್ಟು ಮಾಡ್ಲಿಲ್ವಾ?"

"ಮಾಡ್ದೆ ಕಣೋ," ಎಂದು ಅವಳು ಬೀದಿಗೆಲ್ಲ ಕೇಳುವಂತೆ ನಕ್ಕಳು, "ಅದಕ್ಕೇ ಗೆದ್ದೆ!"