ಕೇಳಿಟ್ಟ ಪ್ರಶ್ನೆ

ಹಾಸನದ ಆ ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ತೇಜಶ್ರೀಯ ಕೆಲಸ ಖಾಯಂ ಮಾಡುವ ಮಾತು ಎರಡು ವರ್ಷದಿಂದ ನಡೆದಿತ್ತು. ಕೇಳಿದಾಗಲೆಲ್ಲ ಯಜಮಾನ ರಜನೀಶ್, "ಮೊಸಳೆ ಗುಡಿ ಕೆಲ್ಸ ಮುಗೀಲಿ ಕಣಮ್ಮ" ಎನ್ನುತ್ತಿದ್ದ. ಮೂಗಿಗೆ ತುಪ್ಪ ಸವರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಹತ್ತಿರದ ಮೊಸಳೆ ಎಂಬ ಊರಿನ ಜೋಡಿ ಗುಡಿಗಳನ್ನು ಬ್ರೌಸರ್‌ನಲ್ಲೇ ತಿರುಗಿಸಿ ನೋಡುವ ಪುಟ ಅದು. ಶಿಲ್ಪದ ಮೇಲೆ ಬೆರಳಿಟ್ಟರೆ ಹೆಸರು ಬರಬೇಕು. ಬೆರಳಿನಡಿ ಯಾವ ಶಿಲ್ಪವಿದೆಯೆಂದು ಚಿತ್ರ ಮೂಡಿಸುವ ಗ್ರಾಫಿಕ್ಸ್ ಪ್ರೊಸೆಸರನ್ನು ಕೇಳಿ, ಅಲ್ಲೇ ಕಾದು ನಿಂತರೆ ಇಡೀ ಗುಡಿ ತಿರುಗದೆ ನಿಲ್ಲುತ್ತದೆ. ಆದ್ದರಿಂದ ತೇಜಶ್ರೀ ಪ್ರಶ್ನೆ ಕೇಳಿಟ್ಟು, ಬೇರೆ ಕೆಲಸ ನೋಡಿಕೊಂಡು, ಆಮೇಲೆ ಬಂದು 'ಮುಗಿಯಿತೇ?' ಎಂದು ವಿಚಾರಿಸುವಂತೆ ಕೋಡ್ ಬರೆದಿದ್ದಳು. ಬಾಗಿಲು ಬಿಟ್ಟು ಕದಲದವರಿಗೆ ಬ್ರೌಸರ್ ಎಷ್ಟು ಸಲ ಕೇಳಿದರೂ 'ಇನ್ನೂ ಇಲ್ಲ' ಎಂದೇ ಹೇಳುತ್ತದೆ; ಒಮ್ಮೆ ಹೊರಟುಹೋಗಿ ಮತ್ತೆ ಬಂದವರಿಗಷ್ಟೇ ಉತ್ತರ ಕೊಡುತ್ತದೆ.

ರಜನೀಶ್ ಅಂಗಡಿ ಮನೆತನದವನು. ಗಿರಾಕಿಯನ್ನು ಕಾಯಿಸಬಾರದೆಂದು ಅಪ್ಪ ಕಲಿಸಿದ ಪಾಠ ಅವನ ತಲೆಯಲ್ಲಿ ಕೂತಿತ್ತು. ಪುಟವನ್ನು ಗಿರಾಕಿಗೆ ತೋರಿಸುವ ದಿನ ಬೆಳಿಗ್ಗೆ, ಉತ್ತರ ಸಿಗುವ ತನಕ ಕದಲದೆ ಕೇಳುತ್ತಲೇ ಇರುವಂತೆ ಅವಳ ಕೋಡಿನ ಸಾಲುಗಳನ್ನು ಬದಲಿಸಿಬಿಟ್ಟ. ನಡೆಸಿ ನೋಡುವ ವ್ಯವಧಾನವೂ ಅವನಿಗಿರಲಿಲ್ಲ.

ಪುಟ ಮಾಡಿಸುತ್ತಿದ್ದ ಪ್ರವಾಸ ಕಂಪನಿಯ ಸಿದ್ದೇಶ್ವರ ಬಂದು ಬೆರಳಿಟ್ಟ. ಪುಟ ಅಲ್ಲೇ ಮರಗಟ್ಟಿತು.

"ನಮ್ಮುಡುಗಿ ಒಂಚೂರು ತಪ್ಪು ಮಾಡ್ಬುಟ್ಟವ್ಳೆ ಸಾ" ಎಂದ ರಜನೀಶ್.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವಳು ಇನ್ನೊಬ್ಬಳು. ಕೋಡ್ ತೆರೆದು ನೋಡಿದ ತೇಜಶ್ರೀಗೆ ಮೈಯೆಲ್ಲ ಉರಿದುಹೋಯಿತು. 'ಬದಲಾಯ್ಸಿದ್ದು ನೀವು' ಎಂಬ ಮಾತು ಬಾಯಿತನಕ ಬಂದಿತ್ತು. ಖಾಯಂ ಕೆಲಸ ನೆನೆದು ನುಂಗಿಕೊಂಡಳು. ತನ್ನ ಹಳೆಯ ಸಾಲುಗಳನ್ನೇ ಮತ್ತೆ ಹಾಕಿದಳು. ಗುಡಿ ತಿರುಗಿತು, ಬೆರಳಿಟ್ಟ ಕಡೆ 'ಗಜಲಕ್ಷ್ಮಿ' ಎಂದು ಬಂತು. ಸಿದ್ದೇಶ್ವರ ಖುಷಿಯಾಗಿ ರಜನೀಶನ ಬೆನ್ನು ತಟ್ಟಿದ.

ಸಿದ್ದೇಶ್ವರ ಹೋದ ಮೇಲೆ ತೇಜಶ್ರೀ ಖಾಯಂ ಕೆಲಸದ ವಿಷಯ ಎತ್ತಿದಳು.

"ಇವತ್ತು ಮರ್ಯಾದೆ ಓಗಿದ್ದು ನೋಡ್ದಲ್ಲಮ್ಮ? ಇನ್ನಾರು ತಿಂಗ್ಳು ಬಿಟ್ಟು ಕೇಳು."

ಸಂಜೆ ತನ್ನೂರು ಕೊರವಂಗಲದ ಬಸ್ಸಿನಲ್ಲಿ ಕೂತಿದ್ದಾಗ ಅವ್ವ ಬೆಟ್ಟಮ್ಮನ ಫೋನ್ ಬಂತು. "ಖಾಯಂ ಆಯ್ತಾ ಮಗ? ಏನಂದ್ರು?"

"ಆರು ತಿಂಗ್ಳು ಬುಟ್ಟು ಕೇಳು ಅಂದ್ರು."

"ಅಂಗಾರೆ ಕೇಳು ಮಗ. ಕೇಳ್ದೆ ಯಾರು ಕೊಟ್ಟಾರು?"

"ಇಲ್ಲ ಕಣವ್ವ, ಇನ್ನು ಕೇಳಕ್ಕಿಲ್ಲ," ಎಂದಳು ತೇಜಶ್ರೀ. "ಉತ್ರ ಎರಡು ವರ್ಷದ ಕೆಳ್ಗೇನೇ ಬಂದಿತ್ತು. ನಾನೇ ಓದ್ಕಂಡಿರ್ಲಿಲ್ಲ."